ಸ್ಕೂಬಾ ವಿಡಿಯೋ ಪೂರ್ತಿ ನೀಲಿ ಬರ್ತಿದೆ, ಆಕ್ಷನ್ ಕ್ಯಾಮೆರಾದಲ್ಲಿ ಸೆಟಿಂಗ್ಸ್ ಏನಿಡೋದು?

ಗುಳುಗುಳು:
ಎಲ್ರಿಗೂ ನಮಸ್ಕಾರ. ಓಪನ್ ವಾಟರ್ ಕೋರ್ಸ್ (ಸ್ಕೂಬಾದ ಮೊದಲ ಕೋರ್ಸ್) ಮುಗಿಸಿ ಇಲ್ಲಿವರೆಗೂ ಎಂಟು ಡೈವ್ ಆಗಿದೆ, ಕೊನೇ ಎರಡಕ್ಕೆ ಗೋಪ್ರೋ ಹೀರೋ 11 ತಗೊಂಡು ಹೋಗಿದ್ದೆ. ಕೆಳಗಡೆ ಕಣ್ಣಿಗೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಒಂದು ದೊಡ್ಡ ಆಮೆ ಎದುರಿಗೇ ಬಂತು, ಅದರ ಚಿಪ್ಪಿನ ಕಂದು ಬಣ್ಣ ಸಹ ನೆನಪಿದೆ, ಮೇಲೆ ಬಂದು ವಿಡಿಯೋ ಹಾಕಿ ನೋಡಿದ್ರೆ ನೀಲಿ ಬಕೆಟ್ಟಲ್ಲಿ ಯಾವುದೋ ಕಲ್ಲು ತೇಲ್ತಿದ್ದಂಗಿದೆ. ಅದೂ ಸಾಲ್ದು ಅಂತ ಒಂದೇ ಕ್ಲಿಪ್ಪಲ್ಲಿ ಬಣ್ಣ ನೀಲಿಯಿಂದ ಹಸಿರಿಗೆ ಹೋಗಿ ಮತ್ತೆ ವಾಪಸ್ ಬರುತ್ತೆ. ಇಟ್ಟಿದ್ದು 5.3ಕೆ ರೆಸಲ್ಯೂಶನ್, ಸೆಕೆಂಡಿಗೆ 30 ಫ್ರೇಮು, ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸೋ ಸೆಟಿಂಗ್) ಆಟೋ, ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋದು) ಮ್ಯಾಕ್ಸ್ 3200, ಹೈಪರ್‌ಸ್ಮೂತ್ (ಅಲುಗಾಟ ತಡೆಯೋದು) ಬೂಸ್ಟ್. ಆಳ 12ರಿಂದ 18 ಮೀಟರ್. ಕೇಸ್ ಒಳಗೆ ಅರ್ಧ ಡೈವ್ ಆದ್ಮೇಲೆ ಮಂಜು ಬೇರೆ. ಲೆನ್ಸ್ ಮುಂದೆ ಹಾಕೋ ರೆಡ್ ಫಿಲ್ಟರ್ ತಗೊಂಡ್ರೆ ಸರಿ ಹೋಗುತ್ತಾ, ಇಲ್ಲಾ ಸೆಟಿಂಗ್ಸಲ್ಲೇ ಏನಾದ್ರೂ ಮಾಡ್ಬೋದಾ?

ಹಳೇಫಿನ್ಸು:
ಗುರು, ಆಮೆ ಕಂದು ಕಂಡಿದ್ದು ನಿಮ್ಮ ಮೆದುಳಿನ ಉಪಕಾರ. ನೀರು ಮೊದಲು ನುಂಗೋದು ಕೆಂಪನ್ನ, 5 ಮೀಟರ್ ಹೊತ್ತಿಗೇ ಬಹಳಷ್ಟು ಹೋಗಿರುತ್ತೆ, ಆಮೇಲೆ ಕಿತ್ತಳೆ, ಅದಾದ್ಮೇಲೆ ಹಳದಿ, ಕೊನೆಗೆ ಉಳಿಯೋದು ನೀಲಿ ಹಸಿರು. 18 ಮೀಟರಲ್ಲಿ ಕೈ ಕೊಯ್ಕೊಂಡ್ರೆ ರಕ್ತ ಹಸಿರು-ಕಪ್ಪು ಕಾಣುತ್ತೆ, ಒಂದ್ಸಲ ಹವಳದ ಮೊನೆ ತಾಗಿ ಆಗಿತ್ತು ನಂಗೆ, ಅರೆಕ್ಷಣ ಇದು ನನ್ನ ರಕ್ತಾನೇನಾ ಅನ್ನಿಸ್ತು. ಕಣ್ಣು ನೋಡ್ತಾ ನೋಡ್ತಾ ತಾನೇ ಸರಿದೂಗಿಸ್ಕೊಳುತ್ತೆ, ಸೆನ್ಸರ್ ಬಿದ್ದ ಬೆಳಕನ್ನ ಬಿದ್ದಂಗೇ ಬರ್ಕೊಳುತ್ತೆ.

ಇನ್ನೊಂದು ಜನ ಮರೆಯೋ ವಿಷಯ, ಬೆಳಕು ಬರೋ ದಾರಿ ಅಂದ್ರೆ ಬರೀ ಆಳ ಅಲ್ಲ. ಮೇಲಿಂದ ಆಮೆವರೆಗೆ 12 ಮೀಟರ್ ಇಳಿದು, ಆಮೆಯಿಂದ ನಿಮ್ಮ ಲೆನ್ಸ್‌ವರೆಗೆ ಇನ್ನೊಂದು 4 ಮೀಟರ್ ಬಂದ್ರೆ ಒಟ್ಟು 16 ಮೀಟರ್ ನೀರು ದಾಟಿರುತ್ತೆ. ಅದೇ ಒಂದು ಮೀಟರ್ ಹತ್ರ ಇದ್ದಿದ್ರೆ ಬಣ್ಣಾನೂ ಜಾಸ್ತಿ, ನಡುವೆ ತೇಲೋ ಕಸಾನೂ ಕಮ್ಮಿ. ಯಾವ ಸೆಟಿಂಗೂ ಇದಕ್ಕೆ ಸಮ ಅಲ್ಲ. ಹಾಗಂತ ಮೂಗಿಗೇ ಹಿಡೀಬೇಡಿ, ಈ ಕ್ಯಾಮೆರಾಗೆ ಫೋಕಸ್ ಬದಲಾಯಿಸೋಕೆ ಬರಲ್ಲ, ಸುಮಾರು ಒಂದಡಿಗಿಂತ ಹತ್ರ ಹೋದ್ರೆ ಮಬ್ಬು.

ನಾನಾದ್ರೆ ಹೀಗಿಡ್ತೀನಿ: 4ಕೆ ಸಾಕು, 5.3ಕೆ ಬ್ಯಾಟರಿ ತಿನ್ನುತ್ತೆ ಬಿಸಿನೂ ಆಗುತ್ತೆ. ಒಳ್ಳೆ ಬಿಸಿಲಿದ್ರೆ 60 ಫ್ರೇಮು, ಅರ್ಧ ಸ್ಪೀಡಲ್ಲಿ ಓಡಿಸಿದ್ರೆ ಕೈ ನಡುಗಿದ್ದೂ ಗೊತ್ತಾಗಲ್ಲ. ಮೋಡ ಇದ್ರೆ, ಆಳ ಜಾಸ್ತಿ ಇದ್ರೆ 30, ಯಾಕಂದ್ರೆ 60ರಲ್ಲಿ ಒಂದೊಂದು ಫ್ರೇಮಿಗೂ ಬೆಳಕು ತುಂಬೋಕೆ ಟೈಮ್ ಕಮ್ಮಿ, ಆಗ ಐಎಸ್ಒ ಮೇಲಕ್ಕೆ ಓಡುತ್ತೆ. ಐಎಸ್ಒ ಮಿನ್ 100, ಮ್ಯಾಕ್ಸ್ 800, 3200 ಕೊಟ್ರೆ ನೀರೆಲ್ಲಾ ರವೆ ರವೆ ಆಗೋದು ಗ್ಯಾರಂಟಿ. ಶಟರ್ ಆಟೋ ಬಿಡಿ. ಎಕ್ಸ್‌ಪೋಶರ್ ಮೈನಸ್ 0.5, ಮೇಲ್ಗಡೆ ಸೂರ್ಯ ಇರೋ ಶಾಟಲ್ಲಿ ನೀರು ಬೆಳ್ಳಗೆ ಸುಟ್ಟು ಹೋಗಲ್ಲ. ಶಾರ್ಪ್‌ನೆಸ್ ಲೋ, ಬಿಟ್‌ರೇಟ್ ಹೈ. ಬೂಸ್ಟ್ ತೆಗೀರಿ, ಸುಮ್ನೆ ಆನ್ ಸಾಕು. ಬೂಸ್ಟು ಅಂಚು ಕತ್ತರಿಸುತ್ತೆ, ಕತ್ತಲಲ್ಲಿ ಫ್ರೇಮ್ ಒಳಗೇ ಬ್ಲರ್ ಇದ್ರೆ ಅದನ್ನ ಸರಿ ಮಾಡೋಕಂತೂ ಆಗಲ್ಲ, ಚಿತ್ರ ಜೆಲ್ಲಿ ತರ ಅಲ್ಲಾಡುತ್ತೆ. ಲೆನ್ಸ್ ವೈಡೇ ಇರಲಿ, ಚಪ್ಪಟೆ ಗಾಜಿನ ಹಿಂದೆ ಇರೋದ್ರಿಂದ ನೀರಲ್ಲಿ ನೋಟ ತಾನಾಗೇ ಕಿರಿದಾಗುತ್ತೆ.

ಬಣ್ಣ ಮಧ್ಯೆ ಮಧ್ಯೆ ಬದಲಾಗ್ತಿರೋದು ಆಟೋ ವೈಟ್ ಬ್ಯಾಲೆನ್ಸ್ ಕೆಲಸ. ಫ್ರೇಮಲ್ಲಿ ಮರಳು ಬಂದ್ರೆ ಒಂದು ಲೆಕ್ಕ, ಬರೀ ನೀರು ಬಂದ್ರೆ ಇನ್ನೊಂದು ಲೆಕ್ಕ ಹಾಕುತ್ತೆ. ಅದನ್ನ 5500 ಕೆಲ್ವಿನ್‌ಗೆ ಲಾಕ್ ಮಾಡಿ, ಆಮೇಲೆ ಎಡಿಟಲ್ಲಿ ಕೆಂಪು ಎತ್ತಿ.

ನೀಲಿಮೀನು:
ಮೇಲಿನವ್ರು ಹೇಳಿದ್ರಲ್ಲಿ ಬಹುಪಾಲು ಒಪ್ತೀನಿ ಆದ್ರೆ ಕೊನೇ ಮಾತು ಒಪ್ಪಲ್ಲ. ಎಡಿಟಲ್ಲಿ ಕೆಂಪು ಎತ್ತಿ ಅಂತೀರಲ್ಲ, ಇದ್ರೆ ತಾನೆ ಎತ್ತೋದು? 15 ಮೀಟರಲ್ಲಿ ಕೆಂಪು ಚಾನೆಲ್ ಹೆಚ್ಚುಕಮ್ಮಿ ಖಾಲಿ, ಅದನ್ನ ಎಳೆದ್ರೆ ಬರೋದು ನಾಯ್ಸ್. ಫಿಲ್ಟರ್ ಮಾಡೋದೂ ಕೆಂಪು ಹುಟ್ಟಿಸೋ ಕೆಲಸ ಅಲ್ಲ, ನೀಲಿ ಹಸಿರನ್ನ ತಡೆದು ಮೂರೂ ಬಣ್ಣಾನ ಒಂದು ಮಟ್ಟಕ್ಕೆ ತರುತ್ತೆ, ಆಗ ಕ್ಯಾಮೆರಾ ಎಕ್ಸ್‌ಪೋಶರ್ ಏರಿಸ್ದಾಗ ಉಳಿದಿರೋ ಚೂರುಪಾರು ಕೆಂಪೂ ರೆಕಾರ್ಡ್ ಆಗುತ್ತೆ. ಬೆಳಕು ಅರ್ಧಕ್ಕಿಂತ ಕಮ್ಮಿ ಆಗುತ್ತೆ ಅನ್ನೋದು ನಿಜ, ಹಾಗಾಗಿ ಫಿಲ್ಟರ್ ಹಾಕಿದ್ರೆ 30 ಫ್ರೇಮೇ ಇಡಿ, ಮ್ಯಾಕ್ಸ್ 1600ರವರೆಗೆ ಬಿಡಿ.

ನೀಲಿ ನೀರು, ಬಿಸಿಲು, 5ರಿಂದ 20 ಮೀಟರ್, ಅಷ್ಟರಲ್ಲೇ ರೆಡ್ ಫಿಲ್ಟರ್ ಆಟ. ನೀರು ಹಸಿರಿದ್ರೆ ಮಜೆಂಟಾ. ವಿಡಿಯೋ ಲೈಟ್ ಹಿಡಿದ್ರೆ ಫಿಲ್ಟರ್ ತೆಗೀರಿ, ಲೈಟಲ್ಲೇ ಕೆಂಪು ಇರುತ್ತೆ. ಲೈಟನ್ನ ಲೆನ್ಸ್ ಪಕ್ಕಕ್ಕೇ ಕಟ್ಟಬೇಡಿ, ಎರಡು ಕಡೆ ದೂರಕ್ಕೆ ಚಾಚಿ ಓರೆಯಾಗಿಡಿ, ಇಲ್ಲಾಂದ್ರೆ ತೇಲೋ ಕಣಗಳೆಲ್ಲಾ ಹಿಮ ಬಿದ್ದಂಗೆ ಹೊಳೆಯುತ್ತೆ.

ಗುಳುಗುಳು:
ಇಬ್ಬರಿಗೂ ಥ್ಯಾಂಕ್ಸ್, ಆದ್ರೆ ಈಗ ಇನ್ನೂ ಗೊಂದಲ ಆಯ್ತು. ಫಿಲ್ಟರ್ ಹಾಕಿ 5500 ಲಾಕ್ ಮಾಡ್ಲಾ, ಆಟೋ ಬಿಡ್ಲಾ? ಒಂದೇ ಡೈವಲ್ಲಿ 16 ಮೀಟರಿಂದ 6 ಮೀಟರ್‌ವರೆಗೆ ಬರ್ತೀನಲ್ಲ? ಲೈಟ್ ಇಲ್ಲ. ಎಡಿಟಿಂಗ್ ಅಷ್ಟಕ್ಕಷ್ಟೇ, ಫೋನಲ್ಲಿ ಏನೋ ಎಳೀತೀನಿ.

ಹಳೇಫಿನ್ಸು:
ಎಡಿಟಿಂಗ್ ಬರಲ್ಲ ಅಂದ್ಮೇಲೆ ನನ್ನ ಸಲಹೆ ವಾಪಸ್ ತಗೊಂಡೆ, ನೀಲಿಮೀನು ಹೇಳಿದ್ದೇ ಸರಿ. ಫಿಲ್ಟರ್ ಹಾಕಿ ಆಟೋ ಬಿಡಿ, ಆಳ ಬದಲಾದಂಗೆಲ್ಲಾ ಲಾಕ್ ಮಾಡಿದ ಬಣ್ಣ ಕೈ ಕೊಡುತ್ತೆ, ಆಟೋ ಅಷ್ಟಿಷ್ಟು ಹೊಂದಿಸ್ಕೊಳುತ್ತೆ. ಬಣ್ಣ ಕುಣಿಯೋದು ಕಮ್ಮಿ ಆಗ್ಬೇಕಂದ್ರೆ ಕ್ಯಾಮೆರಾ ಆ ಕಡೆ ಈ ಕಡೆ ಬೀಸ್ಬೇಡಿ, ಒಂದೇ ಕಡೆ 10 ಸೆಕೆಂಡು ಹಿಡೀರಿ, ಸೂರ್ಯ ಬೆನ್ನಿಗಿರಲಿ. ಕಲರ್ ಪ್ರೊಫೈಲ್ ನ್ಯಾಚುರಲ್ ಇಡಿ, ಫ್ಲಾಟ್ (ಎಡಿಟ್ ಮಾಡೋಕೆ ಅಂತ ಬಣ್ಣ ಸಪ್ಪೆ ಇಡೋದು) ಕಡೆ ತಲೆ ಹಾಕ್ಬೇಡಿ.

ಸೇಫ್ಟಿ ಸ್ಟಾಪ್ (ಮೇಲೆ ಬರೋ ಮುಂಚೆ 5 ಮೀಟರಲ್ಲಿ ಮೂರು ನಿಮಿಷ ನಿಲ್ಲೋದು) ಹೊತ್ತಿಗೆ ಫಿಲ್ಟರ್ ತೆಗೆಯೋದು ಮಾತ್ರ ಮರೀಬೇಡಿ.

ಉಸಿರುಬುಗ್ಗೆ:
ನಾನು ಡೈವ್‌ಮಾಸ್ಟರ್, ಮಂಜಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ದೋಣಿ ಮೇಲೆ ಆ ಹಸಿ ಗಾಳಿಯಲ್ಲಿ ಕೇಸ್ ಮುಚ್ಚಿರ್ತೀರ, ರೆಕಾರ್ಡ್ ಮಾಡ್ತಾ ಕ್ಯಾಮೆರಾ ಬಿಸಿ, ಹೊರಗಡೆ ನೀರು ತಣ್ಣಗೆ, ಒಳಗಿರೋ ತೇವ ಬಂದು ಗಾಜಿಗೇ ಕೂರುತ್ತೆ. ಎಸಿ ರೂಮಲ್ಲಿ ಮುಚ್ಚಿ, ಒಳಗೊಂದು ಆಂಟಿಫಾಗ್ ಪಟ್ಟಿ ತುರುಕಿ, ಎರಡು ಡೈವ್ ನಡುವೆ ಒದ್ದೆ ಕೈಯಲ್ಲಿ ತೆಗೀಬೇಡಿ. ಓ-ರಿಂಗ್ (ಕೇಸ್ ಬಾಗಿಲಿನ ರಬ್ಬರ್ ಸೀಲ್) ಮೇಲೆ ಒಂದು ಕೂದಲಿದ್ರೂ ನೀರು ಬರುತ್ತೆ. ಕೇಸ್ ಬೇಡ ಅಂತ ಯೋಚ್ನೆ ಮಾಡ್ಬೇಡಿ, ನಿಮ್ಮ ಕ್ಯಾಮೆರಾ ಕೇಸ್ ಇಲ್ದೆ 10 ಮೀಟರ್ ಅಷ್ಟೇ, ಕೇಸ್ ಇದ್ರೆ 60. ಟಚ್‌ಸ್ಕ್ರೀನ್ ಕೆಳಗೆ ಕೆಲಸ ಮಾಡಲ್ಲ, ಹಾಗಾಗಿ ಎಲ್ಲಾ ಸೆಟಿಂಗೂ ಮೇಲೇ ಮುಗಿಸಿ ಇಳೀರಿ.

ಇನ್ನೊಂದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಆಮೆ ಹಿಂದೆ ಹೋಗ್ವಾಗ ಗೇಜ್ (ಸಿಲಿಂಡರಲ್ಲಿ ಗಾಳಿ ಎಷ್ಟಿದೆ ತೋರಿಸೋದು) ಎಷ್ಟು ಸಲ ನೋಡಿದ್ರಿ? ಎಂಟು ಡೈವ್ ಅಂದ್ರೆ ತೇಲೋದೇ ಇನ್ನೂ ಕೈಗೆ ಬಂದಿರಲ್ಲ. ನಾನು ಕರ್ಕೊಂಡು ಹೋಗಿದ್ದ ಒಬ್ಬ ಹುಡುಗ ಸ್ಕ್ರೀನೇ ನೋಡ್ತಾ 12 ಮೀಟರಿಂದ 21ಕ್ಕೆ ಇಳಿದಿದ್ದ, ಹಿಂದಿಂದ ಫಿನ್ ಹಿಡಿದು ಎಳೆದಾಗ್ಲೇ ಅವನಿಗೆ ಗೊತ್ತಾಗಿದ್ದು. ಅವನ ಲಿಮಿಟ್ಟೂ ನಿಮ್ಮ ತರ 18 ಮೀಟರ್. ವಿಡಿಯೋ ಅಲುಗಾಡದೇ ಇರ್ಲಿ ಅಂತ ಉಸಿರು ಬಿಗಿ ಹಿಡಿಯೋದಂತೂ ಯಾವತ್ತೂ ಬೇಡ. ಮೊದಲ ಹತ್ತು ನಿಮಿಷ ಕ್ಯಾಮೆರಾ ಬಿಸಿಡಿಗೆ (ತೇಲೋದನ್ನ ಹಿಡಿತದಲ್ಲಿಡೋ ಗಾಳಿ ಜಾಕೆಟ್) ಕ್ಲಿಪ್ ಮಾಡಿ ಬಿಟ್ಬಿಡಿ.

ಗುಳುಗುಳು:
ಅಕ್ಕ, ನಿಜ ಹೇಳ್ಬೇಕಂದ್ರೆ ಗೇಜ್ ಒಂದ್ಸಲಾನೂ ನೋಡಿರ್ಲಿಲ್ಲ 😐 ಬಡ್ಡಿ (ಜೊತೆಗೆ ಡೈವ್ ಮಾಡೋ ಪಾರ್ಟ್ನರ್) ಬಂದು ತೋರಿಸಿದ್ಮೇಲೇ ನೋಡಿದ್ದು.

ಗುಳುಗುಳು (ಮೂರು ವಾರ ಆದ್ಮೇಲೆ):
ಮೊನ್ನೆ ನಾಲ್ಕು ಡೈವ್ ಮಾಡ್ದೆ. 4ಕೆ 30, ಫಿಲ್ಟರ್, ಆಟೋ, ಮ್ಯಾಕ್ಸ್ 1600. ಮಂಜು ಬರ್ಲೇ ಇಲ್ಲ. ಮೊದಲ ಎರಡಲ್ಲಿ ಕ್ಯಾಮೆರಾ ಕ್ಲಿಪ್ಪಲ್ಲೇ ಇತ್ತು, ಆಮೆ ಬಂದಿದ್ದೂ ಅವಾಗ್ಲೇ 🙂 ಮೂರನೇದ್ರಲ್ಲಿ 14 ಮೀಟರಲ್ಲಿ ಒಂದು ಲಯನ್‌ಫಿಶ್, ಮೈಮೇಲಿನ ಕೆಂಪು ಪಟ್ಟಿ ಎಲ್ಲಾ ಬಂದಿದೆ, ಎಡಿಟೇ ಮಾಡಿಲ್ಲ. ಆದ್ರೆ 5 ಮೀಟರಲ್ಲಿ ಮೂರು ನಿಮಿಷ ನಿಂತಾಗ ಫಿಲ್ಟರ್ ತೆಗೆಯೋದು ಮರೆತುಹೋಯ್ತು, ಬಡ್ಡಿ ಮುಖ ದಾಸವಾಳ ಆಗಿದೆ. ಅವನು ಅದನ್ನೇ ಪ್ರೊಫೈಲ್‌ಗೆ ಹಾಕ್ಕೊಂಡಿದಾನೆ.

ಹಳೇಫಿನ್ಸು:
ಹೇಳಿದ್ದೆ 😄