ಗುರಿ ಸ್ಪರ್ಧೆಯ ಗುಂಡು ಕಾಡುಹಂದಿಗೆ ಸಾಕಾಗುತ್ತದೆಯೇ?

ಖಾನಾಪುರದ ಗುರಿಗಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಉದ್ಯೋಗದಲ್ಲಿದ್ದೇನೆ. ಆರು ವರ್ಷಗಳಿಂದ .22 (ಅಂದರೆ ನಳಿಗೆಯ ವ್ಯಾಸ 0.22 ಇಂಚು) ರೈಫಲಿನಲ್ಲಿ 50 ಮೀಟರ್ ಸ್ಪರ್ಧೆಗಳಿಗೆ ಅಭ್ಯಾಸ ಮಾಡುತ್ತಿದ್ದೇನೆ. ನಮ್ಮ ಹೊಲ ಖಾನಾಪುರ ತಾಲ್ಲೂಕಿನಲ್ಲಿ ಕಾಡಿನ ಅಂಚಿಗೇ ಇದೆ. ಈ ವರ್ಷ ತೆನೆ ತುಂಬಿ ನಿಂತಿದ್ದ ಗೋವಿನಜೋಳವನ್ನು ಕಾಡುಹಂದಿಗಳ ಹಿಂಡು ನಾಲ್ಕೇ ರಾತ್ರಿಗಳಲ್ಲಿ ನೆಲಕ್ಕೆ ಕೆಡವಿತು; ಈಗ ಕಬ್ಬಿಗೆ ಬಂದಿದೆ. ಊರಿನವರು ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಲು ಸಿದ್ಧರಾಗಿದ್ದಾರೆ. ಅನುಮತಿ ದೊರೆತರೆ ಹೊಡೆಯುವ ಕೆಲಸವನ್ನು ನನಗೇ ವಹಿಸಬೇಕೆಂದು ನಮ್ಮ ಕಾಕಾ ಹಟ ಹಿಡಿದಿದ್ದಾರೆ. ಐವತ್ತು ಮೀಟರಿನಲ್ಲಿ 10.4 ಮಿಲಿಮೀಟರ್ ಅಗಲದ, ಹತ್ತು ಅಂಕದ ವೃತ್ತಕ್ಕೆ ಹೊಡೆಯುವವನಿಗೆ ಹಂದಿ ಎಷ್ಟರದು ಎಂಬುದು ಅವರ ಮಾತು.

ನನ್ನ ಸಂದೇಹ ಗುರಿಯ ಬಗ್ಗೆ ಅಲ್ಲ, ಗುಂಡಿನ ಬಗ್ಗೆ. ಸ್ಪರ್ಧೆಯ ಕಾಡತೂಸು ಇದಕ್ಕೆ ತಕ್ಕುದೇ? ಹಾಗೆಯೇ, ದೊಡ್ಡ ಬೋರಿನ (ಅಗಲ ನಳಿಗೆಯ) ಸ್ಪರ್ಧಾ ಗುಂಡುಗಳ ಮೂತಿಯಲ್ಲೂ ಬೇಟೆಯ ಗುಂಡಿನಲ್ಲಿರುವಂತೆ ಕಿಂಡಿ ಇರುತ್ತದೆ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು?

ನಿವೃತ್ತ ಪಶುವೈದ್ಯ, ಮುಧೋಳ:

ತಮ್ಮಾ, ನೀವು ಹೊಡೆಯುವ ಮೊದಲೇ ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾನು ಸೇವೆಯಲ್ಲಿದ್ದಾಗ ಕಬ್ಬಿನ ಹೊಲವೊಂದರಲ್ಲಿ ಸತ್ತು ಬಿದ್ದಿದ್ದ ಗಂಡು ಹಂದಿಯ ಮರಣೋತ್ತರ ಪರೀಕ್ಷೆ ಮಾಡಿದ್ದೆ. ಮುಂಗಾಲಿನ ಮೇಲೆ, ಭುಜದ ದಪ್ಪ ಚರ್ಮದಡಿಯಲ್ಲಿ, ಚಪ್ಪಟೆಯಾದ ಸಣ್ಣ ಸೀಸದ ಗುಂಡು ಸಿಕ್ಕಿಕೊಂಡಿತ್ತು. ಅದು ಎದೆಗೂಡಿನ ಒಳಗೆ ಹೋಗಿಯೇ ಇರಲಿಲ್ಲ. ಸುತ್ತಲೂ ಕೀವು ತುಂಬಿ ಮಾಂಸ ಕೊಳೆತಿತ್ತು. ಆ ಪ್ರಾಣಿ ಗುಂಡು ಬಿದ್ದ ದಿನ ಸಾಯದೆ, ಹಲವು ದಿನ ರವದಿಯ ನಡುವೆ ನರಳಿ ಸತ್ತಿತ್ತು. ಆ ದೃಶ್ಯ ನನಗೆ ಇಂದಿಗೂ ಮರೆತಿಲ್ಲ.

ಬಲಿತ ಗಂಡು ಹಂದಿಯ ಭುಜ ಮತ್ತು ಪಕ್ಕೆಯ ಮೇಲೆ ಗಟ್ಟಿ ನಾರಿನ ಒಂದು ಪದರ ಬೆಳೆದಿರುತ್ತದೆ. ಗಂಡುಗಳು ಕಾದಾಡುವಾಗ ಕೋರೆಯ ಏಟನ್ನು ತಡೆಯುವ ಗುರಾಣಿ ಅದು. ಹೃದಯವಿರುವುದು ಅದರ ಹಿಂದೆ, ಎದೆಯ ಕೆಳಭಾಗದಲ್ಲಿ. ನಿಮ್ಮ .22 ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 325 ಮೀಟರ್. ಲೆಕ್ಕ ಹಾಕಿದರೆ ನಳಿಗೆಯ ಬಾಯಲ್ಲಿ ಶಕ್ತಿ 140 ಜೂಲ್ ಮುಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ, ತೀರಾ ಸಣ್ಣ ಜಾತಿಗಳನ್ನು ಬಿಟ್ಟರೆ, ಜಿಂಕೆಯ ಬೇಟೆಗೆ 1991ರ ಕಾಯಿದೆ ಕನಿಷ್ಠ 2,305 ಜೂಲ್ ಶಕ್ತಿಯ ರೈಫಲನ್ನು ಕಡ್ಡಾಯ ಮಾಡಿದೆ. ಹಂದಿಯ ಮೈ ಅಲ್ಲಿನ ಹಲವು ಜಿಂಕೆಗಳ ಮೈಗಿಂತ ಗಟ್ಟಿ. ನಿಮ್ಮ ಗುರಿ ಎಷ್ಟೇ ನಿಖರವಾಗಿದ್ದರೂ ಈ ಅಂತರವನ್ನು ತುಂಬಲಾರದು.

ಮಾಜಿ ಸೈನಿಕ, ಬೈಲಹೊಂಗಲ:

ಡಾಕ್ಟರ್ ಸಾಹೇಬರ ಮಾತು ಸರಿ. ಪ್ರಶ್ನೆಯ ಎರಡನೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಮೂತಿಯ ಕಿಂಡಿಯನ್ನು ನೋಡಿ ಮೋಸಹೋಗುವವರು ಬಹಳ ಜನ.

ಸ್ಪರ್ಧೆಯ ಗುಂಡನ್ನು ಮಾಡುವವರು ತಳ ಮುಚ್ಚಿದ ತಾಮ್ರದ ಕವಚದೊಳಗೆ ಸೀಸವನ್ನು ಒತ್ತಿ, ಕೊನೆಯಲ್ಲಿ ಮೂತಿಯ ಕಡೆ ಕವಚವನ್ನು ಕೂಡಿಸುತ್ತಾರೆ. ಹಾಗೆ ಕೂಡಿಸುವಾಗ ಉಳಿಯುವ ಸಣ್ಣ ಸಂದೇ ಆ ಕಿಂಡಿ. ಗುಂಡಿನ ತಳ ಒಂದೇ ಸಮ ಇದ್ದರೆ ಎಲ್ಲ ಗುಂಡುಗಳೂ ಒಂದೇ ಜಾಗಕ್ಕೆ ಬೀಳುತ್ತವೆ. ತಯಾರಕರಿಗೆ ಬೇಕಾದದ್ದು ಅಷ್ಟೇ. ಮೈಗೆ ತಾಗಿದ ಮೇಲೆ ಅದು ಏನಾಗಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಆದ್ದರಿಂದ ಅದು ಒಮ್ಮೆ ಸೂಜಿಯಂತೆ ಆಚೆ ತೂರಿ ಹೋಗುತ್ತದೆ, ಇನ್ನೊಮ್ಮೆ ತೆಳು ಕವಚ ಮೊದಲ ಎಲುಬಿಗೇ ಸಿಡಿದು ಚೂರಾಗುತ್ತದೆ. ಒಂದೇ ಪೆಟ್ಟಿಗೆಯ ಎರಡು ಗುಂಡುಗಳು ಎರಡು ಬಗೆಯಾಗಿ ನಡೆದುಕೊಳ್ಳಬಹುದು. ಗುಂಡು ತಯಾರಿಸುವ ಅಮೆರಿಕದ ಸಿಯೆರಾ ಕಂಪನಿ ತನ್ನ ಹೆಸರಾಂತ ಮ್ಯಾಚ್‌ಕಿಂಗ್ ಗುಂಡನ್ನು ಬೇಟೆಗೆ ಶಿಫಾರಸು ಮಾಡುವುದಿಲ್ಲವೆಂದು ತಾನೇ ಹೇಳಿದೆ. ಅದರಿಂದ ಜಿಂಕೆ ಹೊಡೆದವರು ವಿದೇಶಗಳಲ್ಲಿ ಇಲ್ಲವೆಂದಲ್ಲ; ಆದರೆ ಗುಂಡು ಸರಿಯಾಗಿ ಕೆಲಸ ಮಾಡಿದ ದಿನಗಳನ್ನಷ್ಟೇ ಅವರು ಹೇಳುತ್ತಾರೆ, ರಕ್ತದ ಜಾಡು ಹಿಡಿದು ಅಲೆದ ದಿನಗಳನ್ನು ಹೇಳುವುದಿಲ್ಲ.

ಬೇಟೆಯ ಗುಂಡಿನ ಮೂತಿಯಲ್ಲಿ ಸೀಸ ಹೊರಗೆ ಕಾಣುವಂತೆ ಬಿಟ್ಟಿರುತ್ತಾರೆ, ಇಲ್ಲವೇ ಅರಳಲೆಂದೇ ಕಿಂಡಿ ಮಾಡಿರುತ್ತಾರೆ. ತಾಗಿದೊಡನೆ ಮೂತಿ ಅರಳಿ ಅಗಲವಾಗುತ್ತದೆ, ತಳದ ಕಡೆ ದಪ್ಪನಾದ ಕವಚ ಉಳಿದ ತೂಕವನ್ನು ಹಿಡಿದಿಟ್ಟು ಒಳಗೆ ನುಗ್ಗುತ್ತದೆ. ಅರಳುವುದೂ ನುಗ್ಗುವುದೂ ಒಟ್ಟಿಗೆ ಆಗಬೇಕು, ಕಷ್ಟವಿರುವುದೇ ಅಲ್ಲಿ. ಜಾನ್ ನಾಸ್ಲರ್ ಎಂಬ ಅಮೆರಿಕದ ಬೇಟೆಗಾರರು 1946ರಲ್ಲಿ ಕೆನಡಾದಲ್ಲಿ ದೊಡ್ಡ ಮೂಸ್ (ಜಿಂಕೆಯ ಜಾತಿಯ ಭಾರೀ ಪ್ರಾಣಿ) ಒಂದಕ್ಕೆ ಹೊಡೆದಾಗ ಗುಂಡು ಒಳಗೆ ಹೋಗದೆ ಮೇಲೆಯೇ ಒಡೆದುಹೋಯಿತು. ಅದಾದ ಮೇಲೆಯೇ ಅವರು ನಡುವೆ ತಾಮ್ರದ ಅಡ್ಡಗೋಡೆಯಿರುವ ಪಾರ್ಟಿಷನ್ ಗುಂಡನ್ನು ರೂಪಿಸಿದರು.

ಸೈನ್ಯದ ಗುಂಡೇ ಎಲ್ಲಕ್ಕಿಂತ ಮೇಲು ಎಂಬ ನಂಬಿಕೆಯೂ ನಮ್ಮ ಕಡೆ ಇದೆ. ಅದೂ ತಪ್ಪು. ಮೈಯೊಳಗೆ ಅರಳುವ ಗುಂಡನ್ನು ಬ್ರಿಟಿಷರು ಕೋಲ್ಕತ್ತದ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ತಯಾರಿಸಿದ್ದರು. 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಹೀಗಾಗಿ ಸೈನಿಕನ ಗುಂಡು ಪೂರ್ತಿ ಕವಚದ್ದು, ಅರಳುವುದಿಲ್ಲ. ಬೇಟೆಯಲ್ಲಿ ಲೆಕ್ಕ ತಿರುಗಿ ನಿಲ್ಲುತ್ತದೆ: ಪ್ರಾಣಿ ಬೇಗ ಸಾಯಬೇಕು, ಅದಕ್ಕೆ ಅರಳುವ ಗುಂಡೇ ಬೇಕು.

ವಕೀಲ, ಬಾಗಲಕೋಟೆ:

ಕಾನೂನಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ನಿಷಿದ್ಧ. ನಿಂತ ಬೆಳೆಗೆ ಹಾನಿಯಾದಾಗ 11ನೆಯ ಕಲಮಿನಡಿ ಅಧಿಕಾರವುಳ್ಳ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ಅರ್ಜಿ ಸಲ್ಲಿಸಿದ್ದೇವೆ ಎಂಬುದು ಅನುಮತಿಯಲ್ಲ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಅದೇ ಬೇರೆ ಅಪರಾಧವಾಗುತ್ತದೆ. ಇನ್ನೊಂದು ಮಾತು: ಕ್ರೀಡೆಗೆಂದು ಪಡೆದ ರೈಫಲು ಮತ್ತು ಕಾಡತೂಸುಗಳನ್ನು ಹೊಲಕ್ಕೆ ಒಯ್ದರೆ ನಿಮ್ಮ ಪರವಾನಗಿಗೇ ಕುತ್ತು. ಗುಂಡಿನ ಗುಣವನ್ನು ನೋಡುವ ಮೊದಲೇ ಈ ಒಂದು ಕಾರಣಕ್ಕೆ ನೀವು ಬೇಡವೆನ್ನಬೇಕು.

ಖಾನಾಪುರದ ಗುರಿಗಾರ:

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರರ ಉತ್ತರವನ್ನು ಕಾಕಾ ಅವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಾಯಗೊಂಡ ಹಂದಿ ಕಬ್ಬಿನಲ್ಲಿ ಅಡಗಿದ್ದರೆ ಕಡಿಯಲು ಬರುವ ಗ್ಯಾಂಗಿನವರ ಗತಿಯೇನು ಎಂದು ಕೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ. ಊರಿನಲ್ಲಿ ಬೆಳೆರಕ್ಷಣೆಯ ಪರವಾನಗಿಯಿರುವ ಹಿರಿಯರೊಬ್ಬರ ಬಳಿ .315 ರೈಫಲ್ ಇದೆ. ಅನುಮತಿ ಬಂದರೆ, ಆದೇಶದಲ್ಲಿ ಅವರ ಹೆಸರಿದ್ದರೆ, ಅವರೇ ಹೊಡೆಯಲಿ ಎಂದು ತೀರ್ಮಾನಿಸಿದ್ದೇವೆ.

ಮಾಜಿ ಸೈನಿಕ, ಬೈಲಹೊಂಗಲ:

ಒಳ್ಳೆಯ ತೀರ್ಮಾನ. .315ಕ್ಕೆ ಸಾಫ್ಟ್ ನೋಸ್ (ಮೂತಿಯಲ್ಲಿ ಸೀಸ ಕಾಣುವ, ಅರಳುವ ಗುಂಡಿನ) ಕಾಡತೂಸನ್ನೇ ಬಳಸಲು ಹೇಳಿ, ಹಳೆಯ ದಾಸ್ತಾನಿದ್ದರೆ ಮೊದಲು ಪರೀಕ್ಷಿಸಲಿ. ಮಂಚಿಕೆಯ ಮೇಲಿಂದ ನೆಲದ ಕಡೆಗೆ ಇಳಿಯುವಂತೆ ಹೊಡೆಯಬೇಕು, ಹಂದಿಯ ಹಿಂದೆ ಮಣ್ಣಿನ ಬದು ಇರಬೇಕು. ನಿಮ್ಮ .22 ಗುಂಡು ಕೂಡ ಒಂದು ಕಿಲೋಮೀಟರ್ ದಾಟಬಲ್ಲದು, .315ರದು ಅದಕ್ಕಿಂತ ಬಹಳ ದೂರ ಹೋಗುತ್ತದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬರುವುದರಿಂದ ಪಕ್ಕದ ಹೊಲದಲ್ಲಿ ನೀರು ಹಾಯಿಸುವವರು ಕತ್ತಲಲ್ಲೇ ಇರುತ್ತಾರೆ. ಆ ರಾತ್ರಿ ಯಾರ ಪಾಳಿ ಎಂದು ಮೊದಲೇ ವಿಚಾರಿಸಿ, ಅವರನ್ನು ಮನೆಯಲ್ಲಿರುವಂತೆ ಕೇಳಿಕೊಳ್ಳಿ.