ಪದ ಬೇಕಾಗಿದೆ: 'ರೆಸ್ಪಾನ್ಸಿವ್ ವೆಬ್ ಡಿಸೈನ್'ಗೆ ಕನ್ನಡದಲ್ಲಿ ಏನೆನ್ನೋಣ?

ಬೆಳಗಾವಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಇಲ್ಲಿ ಸಂಜೆ ಹೊತ್ತು ವೆಬ್‌ಪುಟ ಮಾಡುವುದನ್ನು ಕಲಿಸುತ್ತೇನೆ. ಅವರಿಗಾಗಿ ಬರೆದ ಕೈಪಿಡಿ ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಬಾಗಿಲ ಮೇಲೆ ಹಾಕುವ ಬೋರ್ಡಿಗೂ ಅದೇ ಪದ ಹೋಗುತ್ತದೆ. ಉಳಿದ ಪಾಠಗಳಿಗೆಲ್ಲ ಹೆಸರು ಸಿಕ್ಕಿದೆ, 'ರೆಸ್ಪಾನ್ಸಿವ್ ವೆಬ್ ಡಿಸೈನ್'ಗೆ ಮಾತ್ರ ಸಿಕ್ಕಿಲ್ಲ.

ಕಂಪ್ಯೂಟರ್ ಬಳಸದವರಿಗಾಗಿ ಎರಡು ಮಾತು. ಪುಟ ಒಂದೇ. ದೊಡ್ಡ ಮಾನಿಟರ್‌ನಲ್ಲಿ ಮೂರು ಕಾಲಮ್ಮಾಗಿ ಹರಡಿಕೊಳ್ಳುತ್ತದೆ, ಟ್ಯಾಬ್‌ನಲ್ಲಿ ಎರಡಾಗುತ್ತದೆ, ಮೊಬೈಲ್‌ನಲ್ಲಿ ಒಂದೇ ಆಗಿ ಉದ್ದಕ್ಕೆ ಇಳಿಯುತ್ತದೆ. ಇದಕ್ಕೆ ಮೂರು ಕೆಲಸ ಮಾಡಬೇಕು. ಕಾಲಮ್ಮಿನ ಅಗಲವನ್ನು ಪಿಕ್ಸೆಲ್‌ನಲ್ಲಿ ಹೇಳದೆ ಶೇಕಡಾ ಲೆಕ್ಕದಲ್ಲಿ ಹೇಳಬೇಕು. ಚಿತ್ರ ತನ್ನ ಜಾಗ ಮೀರದ ಹಾಗೆ ಕಟ್ಟಬೇಕು. ಅಗಲ ಇಷ್ಟಕ್ಕಿಂತ ಕಡಿಮೆಯಾದರೆ ಹೀಗೆ ಜೋಡಿಸು ಎಂದು ಷರತ್ತು ಬರೆಯಬೇಕು. ಆ ಷರತ್ತಿಗೆ ಮೀಡಿಯಾ ಕ್ವೆರಿ ಅಂತಾರೆ. ಈ ಮೂರನ್ನೂ ಕೂಡಿಸಿ ಹೆಸರಿಟ್ಟವರು ಈಥನ್ ಮಾರ್ಕಾಟ್, 2010ರ ಮೇ ತಿಂಗಳಲ್ಲಿ.

ನನ್ನ ಕೈಯಲ್ಲಿ ಇರುವವು: ಸ್ಪಂದನಶೀಲ, ಪ್ರತಿಕ್ರಿಯಾಶೀಲ, ಹೊಂದಿಕೊಳ್ಳುವ, ಬಹುತೆರೆ. ಯಾವುದೂ ಬಾಯಿಗೆ ಕೂಡುತ್ತಿಲ್ಲ. ದಯವಿಟ್ಟು ಬೇಗ ಹೇಳಿ.

ಬಾಗಲಕೋಟೆಯಿಂದ

ಸ್ಪಂದನಶೀಲ. ಬರಹಗಳಲ್ಲಿ ಆಗಲೇ ಬಂದಿದೆ. ಬಂದ ಪದವನ್ನು ಬಿಟ್ಟು ಹೊಸದನ್ನು ಹುಡುಕುತ್ತಾ ಕೂತರೆ ಕನ್ನಡದಲ್ಲಿ ಯಾವ ಪದವೂ ನಿಲ್ಲುವುದಿಲ್ಲ.

ವಿಜಯಪುರದಿಂದ, ನಿವೃತ್ತ ಕನ್ನಡ ಮಾಸ್ತರು

ಬಂದಿದೆ ಅನ್ನುವುದು ಒಂದು ಕಾರಣವೇ ಅಲ್ಲ. ಸ್ಪಂದ ಎಂದರೆ ಮಿಡಿತ, ಅದುರುವುದು. ನಾಡಿ ಸ್ಪಂದಿಸುತ್ತದೆ, ಕಣ್ಣರೆಪ್ಪೆ ಸ್ಪಂದಿಸುತ್ತದೆ. ಅದಕ್ಕೆ 'ಉತ್ತರ ಕೊಡು' ಎಂಬ ಅರ್ಥ ಈಚೆಗೆ ಸುದ್ದಿ ಬರಹದಿಂದ ಅಂಟಿತು. ಆಮೇಲೆ ಅದು ಎಲ್ಲಿ ಹೋಗಿ ಕೂತಿದೆ ನೋಡಿ: 'ಅಧಿಕಾರಿಗಳು ಮನವಿಗೆ ಸ್ಪಂದಿಸಿದರು', 'ಜನಸ್ಪಂದನ ಸಭೆ'. ಸರಕಾರಿ ತಾಣದ ತಲೆಯ ಮೇಲೆ 'ಸ್ಪಂದನಶೀಲ ಪುಟ' ಎಂದು ಬರೆದರೆ ನಮ್ಮ ತಾಲೂಕಿನ ರೈತ ಅದನ್ನು ಅಹವಾಲು ಕೊಡುವ ಪುಟ ಎಂದೇ ಓದುತ್ತಾನೆ. ಓದುವುದೂ ಸರಿಯೇ, ಅವನಿಗೆ ಆ ಪದ ಗೊತ್ತಿರುವುದೇ ಹಾಗೆ.

ಪ್ರತಿಕ್ರಿಯಾಶೀಲ ಎಂದರೆ ರಸಾಯನಶಾಸ್ತ್ರ. ಸೋಡಿಯಂ ಪ್ರತಿಕ್ರಿಯಾಶೀಲ. ಬಿಡಿ.

ಬಹುತೆರೆ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ್ದು. ಮುಂದೆ ಮಾತಿಲ್ಲ.

ಕನ್ನಡದಲ್ಲಿ ಒಗ್ಗು ಎಂಬ ಧಾತು ಇದೆ. 'ಈ ಊರಿನ ನೀರು ನನಗೆ ಒಗ್ಗಲಿಲ್ಲ', 'ಆ ಗುಳಿಗೆ ಅವಳಿಗೆ ಒಗ್ಗುವುದಿಲ್ಲ'. ಒಂದು ವಸ್ತು ತಾನು ಸೇರಿದ ಜಾಗಕ್ಕೆ ಸರಿಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ತೆರೆಗೊಗ್ಗುವ ಪುಟ. ತಗೊಳ್ಳಿ.

ಬಾಗಲಕೋಟೆಯಿಂದ, ಮತ್ತೆ

ಗುರುಗಳೇ, ಗೌರವದಿಂದಲೇ ಕೇಳುತ್ತೇನೆ. ಅರಿಸಮಾಸ ಎಂದು ಒಂದೇ ಮಾತಲ್ಲಿ ಮುಗಿಸಿದಿರಿ. ದಿನ ಸಂಸ್ಕೃತ, ಕೂಲಿ ನಮ್ಮದು. ದಿನಗೂಲಿ ಆಗಿ ಕಕಾರ ಗಕಾರವಾಗಿದೆ, ಸರಕಾರಿ ಆದೇಶಗಳಲ್ಲೂ ಇದೆ. ಅದನ್ನು ತಪ್ಪು ಎಂದು ಯಾರೂ ಹೊಡೆದುಹಾಕಿಲ್ಲ. ನಿಮ್ಮ ಊರಿನ ಗೋಳಗುಮ್ಮಟವನ್ನೇ ತಗೊಳ್ಳಿ. ಗೋಳ ಸಂಸ್ಕೃತ, ಗುಮ್ಮಟ ಪಾರಸಿಯ ಗುಂಬದ್‌ನಿಂದ ಬಂದದ್ದು. ಎರಡು ಕಡೆಯ ಪದ ಸೇರಿ ಗಟ್ಟಿಯಾಗಿ ನಿಂತಿದೆ.

ಇನ್ನು ಒಗ್ಗು. ಒಗ್ಗುವುದಕ್ಕೆ ದಿನ ಹಿಡಿಯುತ್ತದೆ. ಸೊಸೆ ಹೊಸ ಮನೆಗೆ ಒಗ್ಗುತ್ತಾಳೆ, ನಿಧಾನಕ್ಕೆ. ಪುಟ ಕಣ್ಣು ಮಿಟುಕಿಸುವುದರಲ್ಲಿ ಬದಲಾಗುತ್ತದೆ. ಅರ್ಥ ಕೂಡುವುದಿಲ್ಲ.

ವಿಜಯಪುರದಿಂದ

ದಿನ ಸಮಸಂಸ್ಕೃತ. ರೂಪ ಬದಲಿಸದೆ ಕನ್ನಡದ ನುಡಿಯ ಹಾಗೇ ನಡೆಯುತ್ತದೆ, ಸಮಾಸಕ್ಕೆ ಒಪ್ಪುತ್ತದೆ. ಬಹು ಹಾಗಲ್ಲ. ಅಂಕಿತನಾಮಕ್ಕೆ ಈ ನಿಯಮ ತಾಗುವುದಿಲ್ಲ, ಗುಮ್ಮಟವನ್ನು ಇಲ್ಲಿಗೆ ಎಳೆಯಬೇಡಿ.

ದಿನ ಹಿಡಿಯುವುದು 'ಒಗ್ಗಿಕೊಳ್ಳು'. ಬರೀ 'ಒಗ್ಗು' ಎಂದರೆ ಸರಿಹೊಂದು. 'ಅವರಿಬ್ಬರಿಗೂ ಒಗ್ಗುವುದಿಲ್ಲ' ಎಂದಾಗ ಯಾರೂ ಕ್ಯಾಲೆಂಡರ್ ನೋಡುವುದಿಲ್ಲ.

ಬೆಳಗಾವಿಯಿಂದ, ಇನ್ನೊಬ್ಬರು

ಅಚ್ಚಗನ್ನಡದಲ್ಲೇ ಹೇಳೋಣ ಎಂದು ನನ್ನ ಆಸೆ. ಹಿಗ್ಗು, ಕುಗ್ಗು ಎರಡೂ ನಮ್ಮವೇ. ವೆಬ್‌ಪುಟಕ್ಕೆ ಮಿಂಪುಟ. 'ಹಿಗ್ಗುಕುಗ್ಗು ಮಿಂಪುಟ' ಅಂದರೆ ಮಗುವಿಗೂ ತಿಳಿಯುತ್ತದೆ. ಪರದೆ ಪಾರಸಿ, ವಿನ್ಯಾಸ ಸಂಸ್ಕೃತ, ಡಿಸೈನ್ ಇಂಗ್ಲಿಷ್. ತಾಣ ಕೂಡ ಸ್ಥಾನದಿಂದಲೇ ಬಂದಿದ್ದು. ನಮ್ಮ ಬಳಿ ಇರುವುದನ್ನು ಬಿಟ್ಟು ಎಲ್ಲರ ಮನೆಯಿಂದ ಕಡ ತರುವುದು ಎಷ್ಟು ದಿನ?

ಬೆಳಗಾವಿಯಿಂದ, ವೆಬ್ ಕೆಲಸ ಮಾಡುವವರು

ನಾನು ದಿನವೂ ಇದೇ ಕೆಲಸ ಮಾಡುತ್ತೇನೆ. ಅದಕ್ಕೇ ಹೇಳಬೇಕಾಯಿತು.

ಹಿಗ್ಗುಕುಗ್ಗು ಆಗುವುದಿಲ್ಲ. ಪದ ಚೆನ್ನಾಗಿದೆ, ಆದರೆ ತೋರಿಸುವುದು ತಿರುಗುಮುರುಗು. 2007ರಲ್ಲಿ ಮೊದಲ ಐಫೋನ್ ಬಂದಾಗ ಅದರ ಬ್ರೌಸರ್ ಪ್ರತಿ ಪುಟವನ್ನೂ 980 ಪಿಕ್ಸೆಲ್ ಅಗಲದ್ದು ಎಂದುಕೊಂಡು ಹಾಕಿ, ಅದನ್ನು 320 ಪಿಕ್ಸೆಲ್ ತೆರೆಯೊಳಗೆ ಕುಗ್ಗಿಸುತ್ತಿತ್ತು. ಪೂರ್ತಿ ಪುಟ ಕಾಣುತ್ತಿತ್ತು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಬೆರಳಿನಿಂದ ಹಿಗ್ಗಿಸಬೇಕು, ಆಮೇಲೆ ಅಡ್ಡಡ್ಡ ಸರಿಸುತ್ತಾ ಓದಬೇಕು. ಈಗಲೂ ಪುಟದ ತಲೆಯಲ್ಲಿ, ತೆರೆಯ ಅಗಲಕ್ಕೇ ಪುಟ ಹಾಕು ಎಂದು ಹೇಳುವ ವ್ಯೂಪೋರ್ಟ್ ಸಾಲು ಬರೆಯಲು ಮರೆತರೆ ಹಾಗೇ ಆಗುತ್ತದೆ. ಅಂದರೆ ಹಿಗ್ಗುಕುಗ್ಗು ಎನ್ನುವುದು ನಾವು ಬೇಡ ಎನ್ನುವ ಪುಟದ ಹೆಸರು. ರೆಸ್ಪಾನ್ಸಿವ್ ಪುಟದಲ್ಲಿ ಅಕ್ಷರ ಓದುವಷ್ಟು ದೊಡ್ಡದಾಗೇ ಉಳಿಯುತ್ತದೆ. ಬದಲಾಗುವುದು ಜೋಡಣೆ.

ಮಿಂಪುಟ, ಮಿಂಬಲೆ (ಅಂತರಜಾಲ) ಎಂದು ಬರೆದರೆ ನಮ್ಮ ಹುಡುಗರು ಮೀನಿನ ಬಲೆ ಎಂದು ಓದುತ್ತಾರೆ. ಅವರನ್ನು ನೋಡಿದ್ದೇನೆ, ಹೇಳುತ್ತಿದ್ದೇನೆ.

ಇನ್ನೊಂದು ಮಾತು ಯಾರೂ ಎತ್ತಿಲ್ಲ. ಪದ ಯಾವುದೇ ಇರಲಿ, ಅದು ಸಣ್ಣ ತೆರೆಯಲ್ಲಿ ಹಿಡಿಸಬೇಕು. ಬ್ರೌಸರ್ ಕನ್ನಡದ ಸಾಲನ್ನು ಮುರಿಯುವುದು ಪದಗಳ ನಡುವಿನ ಖಾಲಿ ಜಾಗದಲ್ಲಿ. 'ಸ್ಪಂದನಶೀಲಜಾಲಪುಟವಿನ್ಯಾಸ' ಎಂದು ಸಮಾಸ ಮಾಡಿ 320 ಪಿಕ್ಸೆಲ್‌ನಲ್ಲಿ ದಪ್ಪ ತಲೆಬರಹ ಹಾಕಿ ನೋಡಿ. ಪದ ಬಲಗಡೆ ಹೊರಗೆ ಚಾಚುತ್ತದೆ, ಇಡೀ ಪುಟ ಅಡ್ಡಡ್ಡ ಜಾರತೊಡಗುತ್ತದೆ. ಅದನ್ನು ತಡೆಯಲು ಪದವನ್ನು ಎಲ್ಲಿ ಬೇಕಾದರೂ ಮುರಿ ಎಂದು ಆಜ್ಞೆ ಕೊಟ್ಟರೆ 'ವಿನ್ಯಾ' ಮೇಲಿನ ಸಾಲಲ್ಲಿ, 'ಸ' ಕೆಳಗಿನ ಸಾಲಲ್ಲಿ ಒಂಟಿಯಾಗಿ. ತಲೆಬರಹ ಎರಡು ಸಾಲಾದ ಮೇಲೆ ಒತ್ತಕ್ಷರದ ಗೋಳು ಶುರು. ಇಂಗ್ಲಿಷಿಗೆ ಇಟ್ಟ ಸಾಲಿನ ಎತ್ತರ, ಅಂದರೆ ಅಕ್ಷರದ 1.2 ಪಟ್ಟು, ಕನ್ನಡಕ್ಕೆ ಸಾಲದು. 'ಸ್ಪಂ' ಕೆಳಗಿನ ಪಕಾರದ ಒತ್ತು ಕೆಳಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ. ನಾನು ಕನ್ನಡಕ್ಕೆ 1.6ಕ್ಕಿಂತ ಕಡಿಮೆ ಇಡುವುದೇ ಇಲ್ಲ.

ಆದ್ದರಿಂದ ಸಂಧಿ ಬಿಡಿಸಿ ಬರೆಯಿರಿ. ಇಲ್ಲವೇ ರೆಸ್ಪಾನ್ಸಿವ್ ಎಂದೇ ಬಿಡಿ. ಗಿರಾಕಿ ನಮ್ಮ ಹತ್ತಿರ ಬಂದು 'ಮೊಬೈಲ್‌ನಲ್ಲಿ ಪೇಜ್ ಒಡೀತಾ ಇದೆ, ರೆಸ್ಪಾನ್ಸಿವ್ ಮಾಡಿಕೊಡಿ' ಅಂತಾನೆ. ನಮ್ಮ ಕಡೆ ಸಂಬಳಕ್ಕೆ ಪಗಾರ ಅಂತೀವಿ. ಅದು ಪೋರ್ಚುಗೀಸರಿಂದ ಮರಾಠಿಗೆ ಬಂದು ಅಲ್ಲಿಂದ ನಮಗೆ ಬಂತು. ಬಟಾಟಿಯೂ ಹಾಗೇ. ಪಗಾರ ಎಂದಾಗ ಯಾರಿಗೂ ಕನ್ನಡ ಕಡಿಮೆಯಾಯಿತು ಅನ್ನಿಸುವುದಿಲ್ಲ, ಅಲ್ವಾ?

ಬೆಳಗಾವಿಯಿಂದ, ಅಚ್ಚಗನ್ನಡದವರು

ಪಗಾರ ಜನ ತಂದ ಪದ. ಊರೂರಿನ ಬಾಯಲ್ಲಿ ಉರುಳಿ ನುಣುಪಾಗಿದೆ. ರೆಸ್ಪಾನ್ಸಿವ್ ಕಚೇರಿಯಿಂದ ಬಂದದ್ದು, ರಕಾರದಿಂದ ವಕಾರದ ತನಕ ಒಂದಕ್ಷರವೂ ನಮ್ಮದಾಗಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೆಳಗಾವಿಯಲ್ಲಿ ಇದ್ದುಕೊಂಡು ನಾವೇ ಬೋರ್ಡಿನ ಮೇಲೆ ಕನ್ನಡ ಪದ ಬೇಡ ಎಂದರೆ ಇನ್ಯಾರು ಬರೆಯಬೇಕು? ನನಗೆ ಇದು ಸಣ್ಣ ವಿಷಯ ಅಲ್ಲ.

ಹಿಗ್ಗುಕುಗ್ಗು ಬಿಟ್ಟೆ. ಕಾರಣ ಸರಿಯಾಗಿದೆ.

ಇಳಕಲ್ಲಿನಿಂದ

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಎಲ್ಲರೂ ವಿಶೇಷಣದ ಹಿಂದೆ ಬಿದ್ದಿದ್ದೀರಿ. ಬದಲಾಗುವ ವಸ್ತು ಯಾವುದು ಎಂದು ಮೊದಲು ನೋಡಿ. ಅದು ಕಾಲಂ. ಅದಕ್ಕೆ ಅಂಕಣ ಎಂಬ ಪದ ನಮ್ಮಲ್ಲಿ ಮೊದಲಿಂದ ಇದೆ. ಪತ್ರಿಕೆಯ ಅಂಕಣ ಆಮೇಲಿನದು. ನಮ್ಮ ಕಡೆ ಮನೆ ಅಳೆಯುವುದೇ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. 'ಎರಡಂಕಣದ ಮನೆ', 'ಐದಂಕಣದ ಮನೆ' ಅಂತೀವಿ.

ನನಗೆ ಇದು ಖುಷಿ ಕೊಡುವುದಕ್ಕೆ ಕಾರಣ ಇದೆ. ಮಾರ್ಕಾಟ್ ತಮ್ಮ ಹೆಸರನ್ನು ತಂದದ್ದೂ ಕಟ್ಟಡ ಕಟ್ಟುವವರಿಂದಲೇ. ಜನ ಹತ್ತಿರ ಬಂದಂತೆ ಬಾಗುವ ಗೋಡೆ, ಕೋಣೆಯಲ್ಲಿ ಜನ ಒಂದು ಮಟ್ಟ ಮೀರಿದರೆ ತಾನೇ ಮಸುಕಾಗುವ ಗಾಜು, ಇಂಥವುಗಳ ಶಾಸ್ತ್ರಕ್ಕೆ ರೆಸ್ಪಾನ್ಸಿವ್ ಆರ್ಕಿಟೆಕ್ಚರ್ ಎಂಬ ಹೆಸರಿತ್ತು. ಅದನ್ನು ಪುಟಕ್ಕೆ ತಂದರು. ಮನೆಯ ಪದ ಅಲ್ಲಿಯೂ, ಮನೆಯ ಪದ ಇಲ್ಲಿಯೂ. ಮೂರಂಕಣದ ಪುಟ ಮೊಬೈಲ್‌ನಲ್ಲಿ ಒಂದಂಕಣ ಆಗುತ್ತದೆ ಎಂದರೆ ಪಾಠ ಅರ್ಧ ಮುಗಿದ ಹಾಗೆ.

'ಹೊಂದಿಕೊಳ್ಳುವ' ಪದವನ್ನು ಇಲ್ಲಿ ಖರ್ಚು ಮಾಡಬೇಡಿ ಎಂದೂ ಕೇಳುತ್ತೇನೆ. ಅಡಾಪ್ಟಿವ್ ಎಂಬ ಇನ್ನೊಂದು ಬಗೆ ಇದೆ. ಅಲ್ಲಿ ಕೆಲವು ಗೊತ್ತಾದ ಅಗಲಗಳಿಗೆ ಒಂದೊಂದು ಜೋಡಣೆ ಮೊದಲೇ ಸಿದ್ಧ ಇರುತ್ತದೆ, ತೆರೆ ನೋಡಿ ಒಂದನ್ನು ಹಾಕುತ್ತಾರೆ. ನಡುವಿನ ಅಗಲಗಳಲ್ಲಿ ಪುಟ ಅಲುಗುವುದಿಲ್ಲ. ರೆಸ್ಪಾನ್ಸಿವ್ ಪುಟ ನಡುವಿನ ಪ್ರತಿ ಅಗಲದಲ್ಲೂ ಹರಿಯುತ್ತಾ ಹೋಗುತ್ತದೆ. ಎರಡಕ್ಕೂ ಒಂದೇ ಪದ ಕೊಟ್ಟರೆ ಮುಂದಿನ ಪಾಠದಲ್ಲಿ ಸಿಕ್ಕಿಕೊಳ್ಳುತ್ತೀರಿ. ಅದಕ್ಕೆ 'ಹೊಂದಿಸಿದ', ಇದಕ್ಕೆ 'ಒಗ್ಗುವ'.

ಬಾಗಲಕೋಟೆಯಿಂದ

ಈ ವ್ಯತ್ಯಾಸ ನಾನು ಒಪ್ಪುತ್ತೇನೆ. ಸ್ಪಂದನಶೀಲ ಎರಡನ್ನೂ ಬೇರೆ ಮಾಡುವುದಿಲ್ಲ, ಅದು ನಿಜ. ತೆರೆ ಮಾತ್ರ ಒಪ್ಪಲಾರೆ. ತೆರೆ ಎಂದರೆ ಅಲೆ, ತೆರೆ ಎಂದರೆ ಬಾಗಿಲು ತೆಗೆ. ಪರದೆ ಪಾರಸಿಯಾದರೂ ಎಲ್ಲರ ಮನೆಯಲ್ಲಿ ತೂಗುತ್ತಿದೆ.

ವಿಜಯಪುರದಿಂದ

ಬೆಳ್ಳಿತೆರೆ, ಕಿರುತೆರೆ. ಇಷ್ಟು ಸಾಕು.

ಬೆಳಗಾವಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಪಾಠದ ತಲೆಬರಹಕ್ಕೆ 'ತೆರೆಗೆ ಒಗ್ಗುವ ಪುಟ' ಹಾಕುತ್ತಿದ್ದೇನೆ, ಸಂಧಿ ಬಿಡಿಸಿ. ಕೆಳಗೆ ಸಣ್ಣ ಅಕ್ಷರದಲ್ಲಿ ರೆಸ್ಪಾನ್ಸಿವ್ ಎಂದೂ ಇರುತ್ತದೆ. ಹುಡುಗರು ನಾಳೆ ಕೆಲಸ ಕೇಳಲು ಹೋದಾಗ ಅಲ್ಲಿ ಕೇಳುವುದು ಆ ಪದವನ್ನೇ, ಅದನ್ನು ಅವರಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ. ಬೋರ್ಡಿನ ಮೇಲೆ ಕನ್ನಡ ಮಾತ್ರ. ಕಾಲಮ್ಮಿಗೆ ಇನ್ನು ಮೇಲೆ ಪುಸ್ತಕದ ತುಂಬ ಅಂಕಣ. ಅಡಾಪ್ಟಿವ್‌ಗೆ 'ಹೊಂದಿಸಿದ ಪುಟ'. ಸಾಲಿನ ಎತ್ತರದ ಮಾತನ್ನು ಒಂದು ಅಭ್ಯಾಸವಾಗಿಯೇ ಸೇರಿಸಿದ್ದೇನೆ. 'ಸ್ಪಂ' ಬದಲು 'ಒಗ್ಗು' ಬರೆದು ನೋಡಿದೆ, ಗಕಾರದ ಒತ್ತು 1.2ರಲ್ಲಿ ಅದೂ ತಾಗುತ್ತದೆ.

ಒಂದು ಉಳಿದಿದೆ. ಮೂರಂಕಣ ಎರಡಾಗುವ, ಎರಡು ಒಂದಾಗುವ ಆ ಅಗಲಕ್ಕೆ ಬ್ರೇಕ್‌ಪಾಯಿಂಟ್ ಅಂತಾರೆ. ನಾನು ಮುರಿಬಿಂದು ಎಂದು ಬರೆದಿದ್ದೇನೆ.

ವಿಜಯಪುರದಿಂದ

ಮುರಿ ಕನ್ನಡ, ಬಿಂದು ಸಂಸ್ಕೃತ. ಅಲ್ಲಿ ಏನೂ ಮುರಿಯುವುದೂ ಇಲ್ಲ, ಪುಟ ತಿರುಗಿಕೊಳ್ಳುತ್ತದೆ. ತಿರುವು ಎನ್ನಿ.

ಬೆಳಗಾವಿಯಿಂದ, ವೆಬ್ ಕೆಲಸ ಮಾಡುವವರು

ತಿರುವು ಚೆನ್ನಾಗಿದೆ. 768ರ ತಿರುವು, 1024ರ ತಿರುವು. ನಾಳೆಯಿಂದ ನಾನೂ ಹೀಗೇ ಅಂತೀನಿ.