ಬೆಟಗೇರಿಯಿಂದ ಐಎಫ್‌ಎಸ್‌ಗೆ ದಾರಿ ಐತೇನ್ರಿ?

ಬೆಟಗೇರಿ ಹುಡುಗಿ:
ನಮಸ್ಕಾರ್ರೀ ಎಲ್ಲಾರಿಗೂ. ನಂದು ಗದಗ-ಬೆಟಗೇರಿ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಾಗ ಬೈಂಡಿಂಗ್ ಕೆಲಸ ಮಾಡ್ತಾರ. ನಾ ಧಾರವಾಡದಾಗ ಎಂಎ ಕೊನೀ ಸೆಮಿಸ್ಟರ್, ಸಪ್ತಾಪುರದಾಗ ಪಿಜಿಯಾಗ ಅದೀನಿ. ಇಲ್ಲಿ ಯಾರನ್ನ ಕೇಳಿದ್ರೂ ಪಿಎಸ್‌ಐ, ಪಿಡಿಓ, ಎಫ್‌ಡಿಎ, ಭಾಳ ಅಂದ್ರ ಕೆಎಎಸ್. ನನಗ ಐಎಫ್‌ಎಸ್ ಮಾಡಬೇಕಂತ ಐತಿ. ಫಾರೆಸ್ಟ್ ಅಲ್ರೀ, ಫಾರಿನ್ ಸರ್ವಿಸ್, ಹೊರದೇಶದ ಎಂಬಸಿಯಾಗ ಮಾಡೂ ನೌಕರಿ! ಕೋಚಿಂಗ್‌ನಾಗ ಒಬ್ರು ಸರ್ "ಅದು ದಿಲ್ಲಿ ಕಾನ್ವೆಂಟ್ ಮಕ್ಕಳಿಗವ್ವಾ" ಅಂದ್ರು. ನಂದು ಹತ್ತನೇತ್ತದ ತನಕ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದ್ರ ತಿಳೀತೈತಿ, ಮಾತಾಡೂವಾಗ ನಾಲಿಗಿ ಕಟ್ಟತೈತಿ. ಅತ್ತಿ ಬ್ಯಾರೆ "ದೇಶ ದೇಶ ತಿರುಗಿದ್ರ ಲಗ್ನ ಯಾವಾಗ" ಅಂತ ಸುರು ಹಚ್ಯಾಳ. ಆ ನೌಕರಿಯಾಗ ಖರೇ ಏನ್ ಕೆಲಸ ಇರತೈತಿ, ಗೊತ್ತಿದ್ದವ್ರು ಹೇಳ್ರಿ.

ರೀಡಿಂಗ್ ರೂಂ ಮೂಲಿ:
ತಂಗಿ, ಮೇನ್ಸ್ ಬರದವ ನಾನು, ರ್ಯಾಂಕ್ ಬಂದಿಲ್ಲ. ಪರೀಕ್ಷಾ ಐಎಎಸ್, ಐಪಿಎಸ್‌ಗೆ ಇದ್ದದ್ದ, ಯುಪಿಎಸ್‌ಸಿ ಸಿವಿಲ್ ಸರ್ವಿಸಸ್. ಪ್ರಿಲಿಮ್ಸ್ ಧಾರವಾಡದಾಗ ಬರೀಬಹುದು, ಮೇನ್ಸ್‌ಗೆ ಬೆಂಗಳೂರು, ಇಂಟರ್‌ವ್ಯೂಗೆ ದಿಲ್ಲಿ. ಪ್ರಿಲಿಮ್ಸ್ ಪ್ರಶ್ನೆಪತ್ರಿಕಿ ಇಂಗ್ಲಿಷ್, ಹಿಂದಿ ಎರಡರಾಗ ಅಷ್ಟ. ಮೇನ್ಸ್ ಉತ್ತರ ಕನ್ನಡದಾಗ ಬರೀಬಹುದು, ಕನ್ನಡ ಸಾಹಿತ್ಯ ಐಚ್ಛಿಕ ತಗೋಬಹುದು (500 ಅಂಕ), ಇಂಟರ್‌ವ್ಯೂನೂ ಕನ್ನಡದಾಗ ಕೊಡಬಹುದು. ಇಂಗ್ಲಿಷ್ ಪೇಪರ್ ಒಂದು ಇರತೈತಿ, 300ಕ್ಕ 75 ಬಂದ್ರ ಸಾಕು, ರ್ಯಾಂಕಿಗೆ ಅದರ ಅಂಕ ಸೇರೂದಿಲ್ಲ. ಜನರಲ್‌ಗೆ 32 ವರ್ಷದ ತನಕ 6 ಸಲ, ಒಬಿಸಿಗೆ 35ರ ತನಕ 9 ಸಲ. ಕನ್ನಡ ಮೀಡಿಯಂ ಅಂತ ಬಾಗಿಲು ಯಾರೂ ಹಾಕಿಲ್ಲ. ಸೀಟು ಕಡಿಮಿ, ಅಷ್ಟ.

ದುರ್ಗದಬೈಲ್:
ಸೂಟು, ಬೂಟು, ದಿನಾ ಸಂಜಿಗೆ ಪಾರ್ಟಿ. ಅದಕ್ಕೇನ್ ಓದೂದೈತಿ? ಹೋಗಿ ಬಾರವ್ವಾ, ನಮಗೂ ಒಂದು ವೀಸಾ ಕೊಡಸು.

ಮಾಳಮಡ್ಡಿ ಕಾಕಾ:
ದುರ್ಗದಬೈಲ್ ಅಣ್ಣಾರ, ಪಾರ್ಟಿ ಇರ್ತಾವು, ಸುಳ್ಳಲ್ಲ. ಅಲ್ಲಿ ಯಾರು ಏನಂದ್ರು ಅನ್ನೂದನ್ನ ರಾತ್ರಿ ಕುಂತು ಬರದು ದಿಲ್ಲಿಗೆ ಕಳಸಬೇಕಾಗಿರತೈತಿ, ಅದಕ್ಕ ಭಾಳ ಮಂದಿ ಗ್ಲಾಸಿನಾಗ ಸೋಡಾನ ಇರತೈತಿ. ಮತ್ತ ವೀಸಾ ಕೊಡೂದು ಆ ದೇಶದವ್ರು, ನಮ್ಮವ್ರಲ್ಲ.

ಯವ್ವಾ, ನಾ ಐಎಫ್‌ಎಸ್ ಅಧಿಕಾರಿ ಅಲ್ಲ. ಐಎಫ್‌ಎಸ್ 'ಬಿ' ಅಂತ ಒಂದು ಐತಿ, ಅದರಾಗ ಅಸಿಸ್ಟೆಂಟ್ ಆಗಿ ಸೇರಿ ರಿಟೈರ್ ಆದವ. ಆಫ್ರಿಕಾದಾಗ ಲುಸಾಕಾ, ಸೂಡಾನಿನ ಖಾರ್ಟೂಮ್ ಕಡೆ ಇದ್ದೆ. ಸಾಹೇಬ್ರ ಮಗ್ಗಲಿನ ಟೇಬಲ್ಲಿನಿಂದ ಕಂಡದ್ದು ಹೇಳ್ತೀನಿ.

ಎಲ್ಲಾರೂ ಅಂಬಾಸಿಡರ್ ಆಗೂ ಕನಸು ಕಾಣ್ತಾರ. ಅದು ಎರಡು ದಶಕ ದಾಟಿದ ಮ್ಯಾಲಿನ ಮಾತು. ಮೊದಲ ಮಸೂರಿ, ಆಮ್ಯಾಲೆ ದಿಲ್ಲಿಯ ಸುಷ್ಮಾ ಸ್ವರಾಜ್ ಇನ್‌ಸ್ಟಿಟ್ಯೂಟ್‌ನಾಗ ತರಬೇತಿ. ಆಮ್ಯಾಲೆ ಒಂದು ಪರಭಾಷಾ ಹಚ್ತಾರ: ಅರಬ್ಬಿ, ಚೀನಿ, ರಷ್ಯನ್, ಸ್ಪ್ಯಾನಿಷ್, ಹಿಂಗ. ಥರ್ಡ್ ಸೆಕ್ರೆಟರಿ, ಅಂದ್ರ ಎಂಬಸಿಯ ಕಿರಿಯ ಅಧಿಕಾರಿ ಅಂತ ಹೊರಗ ಕಳಸ್ತಾರ. ಆ ಭಾಷಾ ಪರೀಕ್ಷೆ ಪಾಸಾಗೂ ತನಕ ನೌಕರಿ ಕಾಯಂ ಆಗೂದಿಲ್ಲ. ದೊಡ್ಡ ದೊಡ್ಡ ಕಾಲೇಜಿನಿಂದ ಬಂದವ್ರು ಅಕ್ಷರ ತಿದ್ಕೋತ ಕುಂತದ್ದು ನೋಡೀನಿ. ಅಲ್ಲಿ ದಿಲ್ಲಿ ಕಾನ್ವೆಂಟೂ ಅಷ್ಟ, ಬೆಟಗೇರಿ ಸಾಲಿನೂ ಅಷ್ಟ.

ಮೊದಲ ವರ್ಷಗಳಾಗ ಎದುರು ಬರೂವ್ರು ಯಾರು? ಪಾಸ್‌ಪೋರ್ಟ್ ಕಳಕೊಂಡವ್ರು, ಪಗಾರ ಕೊಡದ ಮಾಲಕನ ಕಡಿಂದ ಓಡಿಬಂದವ್ರು, ಜೈಲಿನಾಗಿದ್ದವ್ರು. ನಮ್ಮವ್ರನ್ನ ಹಿಡದ್ರ ಹೋಗಿ ಭೇಟಿ ಆಗೂ ಹಕ್ಕು 1963ರ ವಿಯೆನ್ನಾ ಒಪ್ಪಂದದಾಗ ಬರದೈತಿ. ಜೈಲಿನ ಗೇಟಿನ ಮುಂದ ಬಿಸಲಾಗ ನಿಂದ್ರೂದು ಮಾತ್ರ ಜೂನಿಯರ್ ಪಾಲಿಗೆ. ಖಾರ್ಟೂಮಿನ ಬಿಸಲು ಅಂದ್ರ ರಾಯಚೂರಿನ ಅಣ್ಣ.

ಎಲ್ಲಾಕಿಂತ ತ್ರಾಸು, ಹೆಣ ಊರಿಗೆ ಕಳಸೂದು. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ರದ್ದು, ಎಂಬಸಿಯ ಎನ್‌ಒಸಿ, ವಿಮಾನದ ಕಾರ್ಗೋ. ಒಂದು ಕಾಗದ ತಪ್ಪಿದ್ರ ಇಲ್ಲಿ ಮನಿಯವ್ರು ಮತ್ತೊಂದು ದಿನ ಕಾಯಬೇಕು. 2022ರ ಮಾರ್ಚ್ 1ಕ್ಕ ನಮ್ಮ ಹಾವೇರಿ ಜಿಲ್ಲಾದ ಮೆಡಿಕಲ್ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಾಗ ತೀರಿಕೊಂಡ. ಶರೀರ ಬೆಂಗಳೂರಿಗೆ ಬಂದದ್ದು 21ಕ್ಕ. ಟಿವಿಯವ್ರು ವಿಮಾನ ಬಂದದ್ದು ತೋರಿಸಿದ್ರು. ಯುದ್ಧ ನಡದಲ್ಲಿ ಶವಾಗಾರ, ಸಹಿ, ಗಡಿ ಅಂತ ಅಷ್ಟು ದಿನ ಓಡ್ಯಾಡಿದವ್ರನ್ನ ಯಾರೂ ತೋರಿಸಲಿಲ್ಲ. ಮರುವರ್ಷ ಸೂಡಾನಿನಾಗ ಗದ್ದಲ ಆತು, ನಮ್ಮವ್ರನ್ನ ಅಲ್ಲಿಂದ ಕರಕೊಂಡು ಬಂದದ್ದಕ್ಕ ಆಪರೇಷನ್ ಕಾವೇರಿ ಅಂತ ಹೆಸರು. ಕರ್ನಾಟಕದ ಹಕ್ಕಿಪಿಕ್ಕಿ ಮಂದಿ ಅಲ್ಲಿ ಸಿಕ್ಕೊಂಡಿದ್ರು. ಪೋರ್ಟ್ ಸೂಡಾನ್ ತನಕ ಬಸ್ಸು, ಅಲ್ಲಿಂದ ಜೆಡ್ಡಾಕ್ಕ ಹಡಗು ಇಲ್ಲಾ ವಿಮಾನ, ಅಲ್ಲಿಂದ ಭಾರತ. ಇಂಥಾದರಾಗ ಪ್ರತಿಯೊಬ್ಬರ ಹೆಸರು ಯಾದಿಯಾಗ ಬರಕೊಳ್ಳೂದರಿಂದ ಕೆಲಸ ಸುರು ಆಗತೈತಿ.

ಇದನ್ನ ಓದಿ 'ಇದೇನ್ ಗುಮಾಸ್ತನ ಕೆಲಸ' ಅನಸಿದ್ರ ಕೆಎಎಸ್ ಬರಿ, ಅದೂ ಛಲೋನ. ಬ್ಯಾಸರ ಬರಲಿಲ್ಲಾಂದ್ರ ಮುಂದ ಹೋಗು. ನಾ ನಿನಗ ಕೇಳೂದು ಇದೊಂದ. ಇಂಗ್ಲಿಷ್ ಮಾತು ಎರಡು ವರ್ಷದಾಗ ಬರತೈತಿ, ಈ ತಾಳ್ಮಿ ಕೋಚಿಂಗ್‌ನಾಗ ಸಿಗೂದಿಲ್ಲ.

ಅತ್ತಿಗೆ ಒಂದು ಮಾತು ಹೇಳು. ಕೊಡಗಿನ ಸಿ.ಬಿ. ಮುತ್ತಮ್ಮ 1949ರಾಗ ಈ ನೌಕರಿಗೆ ಸೇರಿದ್ರು. ಹೆಣ್ಣಮಕ್ಕಳು ಲಗ್ನ ಆಗಬೇಕಂದ್ರ ಸರ್ಕಾರದ ಪರವಾನಿಗಿ ತಗೋಬೇಕು ಅಂತ ನಿಯಮಾನ ಇತ್ತು! ಬಡ್ತಿ ತಪ್ಪಿಸಿದ್ದಕ್ಕ ಆಕಿ ಸುಪ್ರೀಂ ಕೋರ್ಟಿಗೆ ಹೋದ್ರು, 1979ರಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನ ಖಾರವಾಗಿ ಟೀಕಿಸಿದ್ರು. ಈಗ ಲಗ್ನಕ್ಕ ಅಡ್ಡಿ ಇಲ್ಲ. ಅಡ್ಡಿ ಇದ್ರ ಗಂಡನ ನೌಕರಿ ಎಲ್ಲಿ, ಮಕ್ಕಳ ಸಾಲಿ ಎಲ್ಲಿ ಅನ್ನೂದು. ಹೆಚ್ಚು ಕಡಿಮಿ ಮೂರು ವರ್ಷಕ್ಕೊಂದು ಊರು. ಕೇಂದ್ರೀಯ ವಿದ್ಯಾಲಯ ಕಾಠ್ಮಂಡು, ಮಾಸ್ಕೋ, ತೆಹರಾನ್‌ನಾಗ ಐತಿ, ಎಲ್ಲಾ ಕಡೆ ಇಲ್ಲ. ನನ್ನ ಮಗಳು ಇವತ್ತಿಗೂ "ನನಗ ಸಾಲಿ ಗೆಳತ್ಯಾರ ಇಲ್ಲ" ಅಂತಾಳ.

ಬೆಟಗೇರಿ ಹುಡುಗಿ:
ಕಾಕಾ, ಭಾಳ ಉಪಕಾರ ಆತು. ಅತ್ತಿಗೆ ಓದಿ ಹೇಳಿದೆ, "ಪರವಾನಿಗಿ ಸರ್ಕಾರ ಯಾಕ, ನಾ ಕೊಡ್ತೀನಿ" ಅಂದ್ಲು. ನಿಮ್ಮ 'ಬಿ' ದಾರಿ ನನಗೂ ನಡೀತೈತೇನ್ರಿ? ಕನ್ನಡದಾಗ ಬರೀಬಹುದಾ?

ಮಾಳಮಡ್ಡಿ ಕಾಕಾ:
ಈಗ ಅದು ಎಸ್‌ಎಸ್‌ಸಿ ಸಿಜಿಎಲ್ (ಡಿಗ್ರಿ ಆದವ್ರಿಗೆ ಕೇಂದ್ರ ಸರ್ಕಾರದ ಹುದ್ದೆಗಳ ಪರೀಕ್ಷಾ) ಮ್ಯಾಲೆ, ವಿದೇಶಾಂಗ ಇಲಾಖೆಯ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಹುದ್ದೆ. ಸಿಜಿಎಲ್ ಇಂಗ್ಲಿಷ್-ಹಿಂದಿ ಅಷ್ಟ. ದೊಡ್ಡ ಪರೀಕ್ಷಾದಾಗ ಕನ್ನಡ ನಡೀತೈತಿ, ಸಣ್ಣದರಾಗ ನಡಿಯೂದಿಲ್ಲ, ನೋಡು ಮಜಾ! ಆದ್ರೂ ಎರಡೂ ಬರಿ. 'ಬಿ'ಯಾಗಿದ್ಕೊಂಡ ಯುಪಿಎಸ್‌ಸಿ ಬರೀಬಹುದು.

ಇನ್ನೊಂದು. ಫಾರ್ಮಿನಾಗ ಐಎಫ್‌ಎಸ್ ಮೊದಲ ಆಯ್ಕೆ ಹಾಕೂ ಮುಂದ ಯೋಚನಿ ಮಾಡು. ಐಎಎಸ್ ಇಲ್ಲಾ ಐಎಫ್‌ಎಸ್ ಸಿಕ್ಕು ಸೇರಿದವ್ರು ಆ ನೌಕರಿಯಾಗ ಇರೂ ತನಕ ಈ ಪರೀಕ್ಷಾ ಮತ್ತ ಬರಿಯಾಕ ಬರೂದಿಲ್ಲ. 'ಮುಂದಿನ ವರ್ಷ ಐಎಎಸ್ ತಗೋತೀನಿ' ಅನ್ನೂ ಆಟ ನಡಿಯೂದಿಲ್ಲ.

ರೀಡಿಂಗ್ ರೂಂ ಮೂಲಿ:
ಆಯ್ಕೆ ಆಮ್ಯಾಲೆ ಬರಲಿ ಕಾಕಾ. ತಂಗಿ, ಮೊದಲ ಸಿಸ್ಯಾಟ್, ಅಂದ್ರ ಪ್ರಿಲಿಮ್ಸ್‌ನ ಎರಡನೇ ಪೇಪರ್ ನೋಡ್ಕೋ. 33 ಪರ್ಸೆಂಟ್ ಬಂದ್ರ ಸಾಕು ಅಂತ ಬಿಟ್ಟು ನಮ್ಮ ರೂಮಿನವ್ರು ಅಲ್ಲೇ ಬೀಳ್ತಾರ. ಹಳೇ ಪೇಪರ್ ನನ್ನ ಕಡೆ ಅದಾವು, ಝೆರಾಕ್ಸ್ ರೊಕ್ಕ ನಿಂದು.